ದೊಡ್ಡ ನಾಯಿಗೆ ಎರಡನೆಯ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕೈಬಿಟ್ಟ ಸಾಕುನಾಯಿಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ದೊಡ್ಡ ತಳಿಯ ನಾಯಿಗಳಿಗೆ ಸಂಬಂಧಿಸಿದವು. ತರಲು ಹೊರಟವರು, ಬಿಟ್ಟುಕೊಡಬೇಕಾಗಿ ಬಂದವರು, ತಂದು ಗೊಂದಲದಲ್ಲಿರುವವರು, ಹೀಗೆ ಎಲ್ಲರೂ ಬರೆದಿದ್ದಾರೆ. ಈ ಬಾರಿಯ ಪುಟಗಳನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಆಗುಂಬೆಗೆ ಸಮೀಪದ ಅಡಕೆ ಬೆಳೆಗಾರರು. ಬೆಂಗಳೂರಿನ ಪ್ರಾಣಿರಕ್ಷಣಾ ಸಂಸ್ಥೆಯೊಂದರಲ್ಲಿ 5 ವರ್ಷದ ಸೇಂಟ್ ಬರ್ನಾರ್ಡ್ ಹೆಣ್ಣುನಾಯಿ ಇದೆಯೆಂದು ತಿಳಿದು ಕೇಳಿದೆವು. ಮರಿ ಮಾರುವವರು ಮತ್ತೆ ಮತ್ತೆ ಮರಿ ಹಾಕಿಸಿ ಕೊನೆಗೆ ಬಿಟ್ಟುಹೋದ ನಾಯಿಯಂತೆ. ನಮಗೆ 6 ಎಕರೆ ತೋಟವಿದೆ, ಮನೆ ತುಂಬ ಜನರಿದ್ದಾರೆ, ದನಕರುಗಳಿವೆ. ಆದರೂ ಸಂಸ್ಥೆಯವರು ಬೇಲಿ ಎಷ್ಟೆತ್ತರ, ರಾತ್ರಿ ನಾಯಿ ಎಲ್ಲಿ ಮಲಗುತ್ತದೆ, ಕಟ್ಟಿಹಾಕುತ್ತೀರಾ ಎಂದೆಲ್ಲ ಕೇಳಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಫ್ಲಾಟಿನಲ್ಲಿರುವವರಿಗೆ ಕೊಡುತ್ತಾರಂತೆ. ಇಷ್ಟು ಜಾಗವಿರುವ ನಮ್ಮ ಮೇಲೇಕೆ ಅನುಮಾನ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಅವರು ಕೇಳಿರುವ ಪ್ರಶ್ನೆಗಳೆಲ್ಲ ಕೇಳಲೇಬೇಕಾದವು. ದೊಡ್ಡ ನಾಯಿಗೆ ದೊಡ್ಡ ಜಾಗವೊಂದಿದ್ದರೆ ಸಾಕು ಎಂಬ ನಂಬಿಕೆ ನಮ್ಮ ಮಲೆನಾಡಿನಲ್ಲಿ ಆಳವಾಗಿ ಬೇರೂರಿದೆ. ಎಕರೆಗಟ್ಟಲೆ ತೋಟಕ್ಕಿಂತ ಅದಕ್ಕೆ ಮೊದಲು ಬೇಕಾದದ್ದು ಗಟ್ಟಿ ಬೇಲಿಯಿರುವ ಒಂದು ಅಂಗಳ, ಮಳೆಗಾಲದಲ್ಲೂ ಒದ್ದೆಯಾಗದ ಮಲಗುವ ಜಾಗ, ಮತ್ತು ದಿನಕ್ಕೆರಡು ಸಲ ಅದರೊಡನೆ ನಡೆಯಲು ಪುರುಸೊತ್ತಿರುವ ಒಬ್ಬ ಮನುಷ್ಯ. ವಯಸ್ಸಿಗೆ ಬಂದ ಸೇಂಟ್ ಬರ್ನಾರ್ಡ್ ದಿನದ ಬಹುಭಾಗ ಮಲಗಿಯೇ ಕಳೆಯುವ ನಾಯಿ. ಮನೆಯವರ ಕಾಲಬುಡದಲ್ಲಿ ಜಾಗ ಸಿಕ್ಕರೆ ಫ್ಲಾಟಿನಲ್ಲೂ ನೆಮ್ಮದಿಯಾಗಿರುತ್ತದೆ, ತೋಟದ ಮೂಲೆಯ ಶೆಡ್ಡಿನಲ್ಲಿ ಒಂಟಿಯಾಗಿ ಕಟ್ಟಿದರೆ ಕೊರಗುತ್ತದೆ.

ಬೇಲಿಯ ಮಾತಿಗೆ ಬರುತ್ತೇನೆ. ನಮ್ಮ ತೋಟದ ಬೇಲಿಗಳು ದನ ತಡೆಯಲೆಂದು ಹಾಕಿದವು. ಉಣಗೋಲಿನ ಸಂದಿಯಲ್ಲಿ ನುಸುಳುವುದು 60 ಕಿಲೋ ತೂಗುವ ನಾಯಿಗೂ ಕಷ್ಟವಲ್ಲ. ನುಸುಳಿದ ಮೇಲೆ ಅದಕ್ಕೆ ಎದುರಾಗುವುದು ಏನೆಂದು ನಿಮಗೆ ಗೊತ್ತಿರುವಷ್ಟು ಬೆಂಗಳೂರಿನ ಆ ಸಂಸ್ಥೆಯವರಿಗೂ ಗೊತ್ತಿರಲಿಕ್ಕಿಲ್ಲ: ಕಾಡುಹಂದಿಗೆಂದು ಇಟ್ಟ ಉರುಳು, ಸಿಡಿಮದ್ದು, ಪಕ್ಕದ ತೋಟದಲ್ಲಿ ಬಸವನಹುಳುವಿಗೆಂದು ಎರಚಿದ ಮೆಟಾಲ್ಡಿಹೈಡ್ ಗುಳಿಗೆ. ಈ ಗುಳಿಗೆ ತಿಂದ ನಾಯಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮೈನಡುಕ ಹಿಡಿದು ಸೆಳೆತ ಬರುತ್ತದೆ, ಚಿಕಿತ್ಸೆ ತಡವಾದರೆ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಬೆರೆಸುವ ಡ್ರಮ್ಮಿನ ನೀರೂ ನಾಯಿಗೆ ಸಿಗಬಾರದು, ಏಕೆಂದರೆ ಅದರಲ್ಲಿರುವ ಮೈಲುತುತ್ತ ಹೊಟ್ಟೆಗೆ ವಿಷ. ಆದ್ದರಿಂದ ಇಡೀ ತೋಟಕ್ಕೆ ಬೇಲಿ ಹಾಕುವ ಯೋಚನೆ ಬಿಟ್ಟು, ಮನೆಗೆ ತಾಗಿದಂತೆ 30 ಅಡಿ ಉದ್ದ, 40 ಅಡಿ ಅಗಲದ ಜಾಗಕ್ಕೆ 5 ಅಡಿ ಎತ್ತರದ ತಂತಿಬಲೆ ಹಾಕಿಸಿ, ಬುಡಕ್ಕೆ ಒಂದು ಸಾಲು ಕಲ್ಲು ಕೊಟ್ಟರೆ ಸಾಕು. ತೋಟಕ್ಕೆ ಅದು ನಿಮ್ಮ ಜೊತೆಯಲ್ಲಿ, ಹಗ್ಗದಲ್ಲಿ ಬರಲಿ.

ರಾತ್ರಿ ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಯ ಹಿಂದೆ ಚಿರತೆಯಿದೆ. ನಾಯಿ ದೊಡ್ಡದಾದರೆ ಚಿರತೆ ಹತ್ತಿರ ಸುಳಿಯದು ಎಂದು ಹಲವರು ಭಾವಿಸುತ್ತಾರೆ. ಅಂಗಳದಲ್ಲಿ ಚೈನಿಗೆ ಕಟ್ಟಿದ ನಾಯಿ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಓಡುವುದಕ್ಕೂ ಆಗುವುದಿಲ್ಲ, ತಿರುಗಿ ನಿಲ್ಲುವುದಕ್ಕೂ ಆಗುವುದಿಲ್ಲ. ಕತ್ತಲಾದ ಮೇಲೆ ಅದು ಕಬ್ಬಿಣದ ಸರಳು ಹಾಕಿದ ಜಗಲಿಯಲ್ಲಿಯೋ ಮನೆಯೊಳಗೋ ಇರಲೇಬೇಕು.

ಇನ್ನು ಮಳೆ. ಸೇಂಟ್ ಬರ್ನಾರ್ಡ್ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಆಲ್ಪ್ಸ್ ಪರ್ವತದಲ್ಲಿ ಬೆಳೆದ ತಳಿ. ಒಣ ಹಿಮಕ್ಕೆ ಒಗ್ಗಿದ ಎರಡು ಪದರದ ಕೂದಲು ಅದರದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಆ ಒಳಪದರ ಜೂನ್‌ನಲ್ಲಿ ನೆನೆದರೆ ತಾನಾಗಿ ಒಣಗುವ ಭರವಸೆಯಿಲ್ಲ. ಮೇಲಿನ ಕೂದಲು ಮುಟ್ಟಿದರೆ ಒಣಗಿದಂತೆ ಕಾಣುತ್ತದೆ; ಬೆರಳನ್ನು ಬುಡದವರೆಗೆ ಇಳಿಸಿ ನೋಡಿದರೆ ಚರ್ಮ ಬೆಚ್ಚಗೆ, ಜಿಗುಟಾಗಿ, ಹುಳಿವಾಸನೆ ಬೀರುತ್ತಿರುತ್ತದೆ, ಮರುದಿನಕ್ಕೆ ಅಲ್ಲಿಯೇ ಅಂಗೈಯಗಲದ ಹಸಿ ಗಾಯ. ಹೊರಗೆ ಹೋಗಿಬಂದಾಗಲೆಲ್ಲ ಟವೆಲಿನಿಂದ ಒರೆಸಿ, ಕೂದಲು ಬಿಡಿಸಿ ಬಾಚಿ, ಬಚ್ಚಲೊಲೆಯಿಂದ ತುಸು ದೂರದ ಬೆಚ್ಚನೆಯ ಜಾಗದಲ್ಲಿ ಮಲಗಿಸುವ ಕೆಲಸವನ್ನು ಮಳೆಗಾಲ ಪೂರ್ತಿ ಯಾರು ಮಾಡುತ್ತೀರಿ ಎಂಬುದನ್ನು ಈಗಲೇ ಮನೆಯವರೆಲ್ಲ ಕುಳಿತು ತೀರ್ಮಾನಿಸಿ. ನಿಮ್ಮ ಮನೆಯ ನೆಲ ನುಣುಪಾದ ಕೆಂಪು ಗಾರೆಯದಾಗಿದ್ದರೆ ಅದು ಓಡಾಡುವ ದಾರಿಗೆ ಗೋಣಿಚೀಲವೋ ಹಳೆಯ ಕಂಬಳಿಯೋ ಹಾಸಿ, ಏಕೆಂದರೆ ಈ ಗಾತ್ರದ ನಾಯಿಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ, ಒಂದು ಜಾರುವಿಕೆ ತಿಂಗಳುಗಟ್ಟಲೆ ನೋವು ಕೊಡಬಲ್ಲದು.

ಊಟದ ವಿಷಯವನ್ನು ಯಾರೂ ಸಂಕೋಚಪಡದೆ ಮೊದಲೇ ಮಾತಾಡಬೇಕು. ಮಜ್ಜಿಗೆ ಅನ್ನದಲ್ಲಿ ಇಷ್ಟು ದೊಡ್ಡ ದೇಹ ಉಳಿಯುವುದಿಲ್ಲ. 60 ಕಿಲೋ ತೂಗುವ ನಾಯಿಗೆ ಅಂಗಡಿಯ ಒಣ ಆಹಾರವಾದರೆ ದಿನಕ್ಕೆ 600 ಗ್ರಾಮಿನ ಆಸುಪಾಸು, ಅಂದರೆ ತಿಂಗಳಿಗೆ 18 ಕಿಲೋದಷ್ಟು ಬೇಕಾಗುತ್ತದೆ. ಮನೆಯಲ್ಲಿ ಮೊಟ್ಟೆ ಮಾಂಸ ಬೇಯಿಸದವರಿಗೆ ಈ ಚೀಲವೇ ಸುಲಭದ ದಾರಿ. ಈ ತಳಿಯ ಆಯಸ್ಸು ಸಾಮಾನ್ಯವಾಗಿ 8ರಿಂದ 10 ವರ್ಷ. ನಿಮ್ಮ ಮನೆಗೆ ಬರಲಿರುವುದು ನಡುವಯಸ್ಸು ದಾಟಿದ, ಮೇಲಿಂದ ಮೇಲೆ ಬಸಿರು ಬಾಣಂತನದಲ್ಲಿ ಸೊರಗಿದ ಜೀವ. ಕಾಯಿಲೆ ಬಿದ್ದ ದಿನ ಅದನ್ನು ಕಂಬಳಿಯಲ್ಲಿ ಮಲಗಿಸಿ ಜೀಪಿಗೆ ಹತ್ತಿಸಲು ಗಟ್ಟಿಯಾದ ಇಬ್ಬರು ಮನೆಯಲ್ಲಿರಬೇಕು.

ಇವೆಲ್ಲಕ್ಕೂ ಒಪ್ಪಿಗೆಯಿದ್ದರೆ ಅವರಿಗೆ ಇನ್ನೊಮ್ಮೆ ಬರೆಯಿರಿ. 6 ಎಕರೆಯ ಮಾತು ಬಿಟ್ಟು, ಬೇಲಿಯ ಅಳತೆ, ಮಲಗುವ ಜಾಗದ ಫೋಟೊ, ನಡೆಸುವವರು ಯಾರು, ತೋರಿಸಬಹುದಾದ ಪಶುವೈದ್ಯರು ಯಾರು ಎಂಬುದನ್ನು ತಿಳಿಸಿ. ಮನೆ ನೋಡಲು ಬರುತ್ತೇವೆಂದರೆ ಅದನ್ನು ಅವಮಾನವೆಂದು ತಿಳಿಯದೆ ಬರಮಾಡಿಕೊಳ್ಳಿ. ಹೆಣ್ಣು ಕೊಡುವವರೂ ಮನೆ ನೋಡಿಯೇ ಕೊಡುತ್ತಾರಲ್ಲವೇ?

ಪ್ರಶ್ನೆ: ನನ್ನ ಮೈದುನ ಕೆಲಸದ ಮೇಲೆ ವಿದೇಶಕ್ಕೆ ಹೋದ ಮೇಲೆ ಅವನ 6 ವರ್ಷದ ಗಂಡು ಜರ್ಮನ್ ಶೆಫರ್ಡ್ ಸಾಗರದಲ್ಲಿ ಅತ್ತೆಯವರ ಬಳಿ ಉಳಿದಿದೆ. ಅತ್ತೆಗೆ 71 ವರ್ಷ. ಹೋದ ತಿಂಗಳು ಅದು ಎಳೆದ ರಭಸಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಸ್ಟೇಟ್ ಮಾಲೀಕರೊಬ್ಬರು ಕಾವಲಿಗೆ ಬೇಕೆಂದು ಕೇಳುತ್ತಿದ್ದಾರೆ. ವಾಟ್ಸಾಪಿನಲ್ಲಿ ಉಚಿತವಾಗಿ ಕೊಡುತ್ತೇವೆಂದು ಹಾಕಿದರೆ ಹೇಗೆ?

ಉತ್ತರ: ಅತ್ತೆಯವರು ಬೇಗ ಚೇತರಿಸಿಕೊಳ್ಳಲಿ. ಮೊದಲು ಅವರನ್ನೇ ಒಂದು ಮಾತು ಕೇಳಿ. ಮಗ ದೂರ ಹೋದ ಮನೆಯಲ್ಲಿ ಆ ನಾಯಿ ಅವರಿಗೆ ಏನಾಗಿದೆ ಎಂಬುದು ನಮಗೆ ನಿಮಗೆ ಹೊರಗಿನಿಂದ ಕಾಣುವುದಿಲ್ಲ. ಎದೆಯ ಮುಂಭಾಗದಲ್ಲಿ ಕೊಂಡಿಯಿರುವ ಹಾರ್ನೆಸ್ ಹಾಕಿದರೆ ಎಳೆತ ಬಹಳ ಮಟ್ಟಿಗೆ ತಗ್ಗುತ್ತದೆ. ಬೆಳಿಗ್ಗೆ ಸಂಜೆ ನಡೆಸಲು ಅಕ್ಕಪಕ್ಕದ ಯುವಕರೊಬ್ಬರನ್ನು ಸಂಬಳಕ್ಕೆ ಗೊತ್ತು ಮಾಡಿದರೆ ಅತ್ತೆ ಹಗ್ಗ ಹಿಡಿಯುವ ಪ್ರಸಂಗವೇ ಬರುವುದಿಲ್ಲ. ಇಷ್ಟರಲ್ಲಿ ಬಗೆಹರಿದರೆ ನಾಯಿ ಉಳಿಯಲಿ.

ಕೊಡಲೇಬೇಕೆಂದಾದರೆ ಉಚಿತವೆಂಬ ಪ್ರಕಟಣೆ ಬೇಡ. ಒಳ್ಳೆಯ ತಳಿಯ ಗಂಡುನಾಯಿ ಉಚಿತವೆಂದು ಕಂಡಾಗ ಮೊದಲು ಫೋನು ಮಾಡುವವರಲ್ಲಿ ಮರಿ ಮಾಡಿಸಿ ಮಾರುವವರು ಇದ್ದೇ ಇರುತ್ತಾರೆ. ಮನೆ ಹುಡುಕುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡಿ. ಆ ಒಂದು ಸಾಲನ್ನು ಪ್ರಕಟಣೆಯಲ್ಲಿ ಬರೆದರೆ ಅಂಥವರು ತಾವಾಗಿ ದೂರ ಸರಿಯುತ್ತಾರೆ. ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ರೇಬೀಸ್ ಮತ್ತು ಇತರ ಲಸಿಕೆಗಳನ್ನು ಹೊಸದಾಗಿ ಹಾಕಿಸಿ ಪುಸ್ತಕದಲ್ಲಿ ದಿನಾಂಕ ಬರೆಸಿಡಿ.

ಆಮೇಲೆ ಒಂದು ಹಾಳೆಯಲ್ಲಿ ಆ ನಾಯಿಯ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಎಳೆಯುತ್ತದೆ, ಬೈಕಿನ ಹಿಂದೆ ಓಡುತ್ತದೆ, ಪಟಾಕಿಗೆ ಹೆದರುತ್ತದೆ, ಬೆಕ್ಕನ್ನು ಸೇರುವುದಿಲ್ಲ ಎಂಬುದೆಲ್ಲ ಅಲ್ಲಿರಲಿ. ಎಂದಾದರೂ ಯಾರನ್ನಾದರೂ ಕಚ್ಚಿದ್ದರೆ ಅದನ್ನು ಮುಚ್ಚಿಡಲೇಬಾರದು. ಮುಚ್ಚಿಟ್ಟು ಕೊಟ್ಟ ನಾಯಿ ಹೊಸ ಮನೆಯ ಮಗುವಿಗೆ ಬಾಯಿ ಹಾಕಿದರೆ ಆ ಮಗುವಿಗೂ ನಾಯಿಗೂ ಆಗುವ ಅನ್ಯಾಯಕ್ಕೆ ನಾವೇ ಹೊಣೆ. ಬರುವವರು ಕನಿಷ್ಠ ಎರಡು ಮೂರು ಸಲ ಬಂದು ನಾಯಿಯೊಡನೆ ನಡೆಯಲಿ, ನೀವೂ ಅವರ ಮನೆಗೆ ಹೋಗಿಬನ್ನಿ. ಒಂದು ತಿಂಗಳು ನೋಡೋಣ, ಹೊಂದದಿದ್ದರೆ ಬೇರೆಯವರಿಗೆ ದಾಟಿಸದೆ ನಮಗೇ ಮರಳಿಸಿ ಎಂಬ ಕರಾರನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹೊರಡುವ ದಿನ ಅತ್ತೆಯವರ ಹಳೆಯ ಸೀರೆಯ ತುಂಡೊಂದನ್ನು ಅದರ ಹಾಸಿಗೆಯ ಜೊತೆ ಕಳಿಸಿ. ಪರಿಚಿತ ವಾಸನೆ ಮೊದಲ ರಾತ್ರಿಗಳಲ್ಲಿ ದೊಡ್ಡ ಆಸರೆ.

ಎಸ್ಟೇಟಿನವರ ವಿಷಯ. ಅವರ ಮನೆಯೊಳಗೆ ಇದಕ್ಕೆ ಜಾಗವಿದೆಯೇ ಎಂದು ಕೇಳಿ. ಹಗಲೆಲ್ಲ ಗೋದಾಮಿನ ಮುಂದೆ ಕಟ್ಟಿ, ರಾತ್ರಿ ಕಾಡಿನಂಚಿನಲ್ಲಿ ಬಿಡುವುದಾದರೆ 6 ವರ್ಷ ಮನೆಯ ಮಂಚದ ಕೆಳಗೆ ಮಲಗಿದ ನಾಯಿಗೆ ಅದು ಶಿಕ್ಷೆ. ಸದಾ ಕಟ್ಟಿಹಾಕಿ ನಡೆದಾಡಿಸದೆ ಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಸಾಕುಪ್ರಾಣಿಯನ್ನು ತೊರೆಯುವುದನ್ನೂ ಅದೇ ಕಲಮು ಅಪರಾಧವೆನ್ನುತ್ತದೆ. ಘಾಟಿಯ ತಿರುವಿನಲ್ಲಿ ನಾಯಿಯನ್ನು ಇಳಿಸಿ ಕಾರು ತಿರುಗಿಸಿಕೊಂಡು ಬರುವವರಿಗೆ ಇದು ತಿಳಿದಿರಲಿ.

ಸರಿಯಾದ ಮನೆ ಸಿಗಲು ತಿಂಗಳುಗಳೇ ಹಿಡಿಯಬಹುದು. ವಿದೇಶದಲ್ಲಿರುವ ನಿಮ್ಮ ಮೈದುನ ಅಲ್ಲಿಯವರೆಗಿನ ಖರ್ಚನ್ನು ವಹಿಸಿಕೊಳ್ಳುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮದು ಕೊಪ್ಪದ ಹತ್ತಿರ. ದತ್ತು ತಂದಿದ್ದ ಗ್ರೇಟ್ ಡೇನ್ ರಾತ್ರಿ ಊಟವಾದ ಮೇಲೆ ಚಡಪಡಿಸಿತು, ವಾಂತಿ ಬಂದಂತೆ ಮಾಡಿದರೂ ಏನೂ ಬರಲಿಲ್ಲ, ಹೊಟ್ಟೆ ತಮಟೆಯಂತೆ ಉಬ್ಬಿತು. ಅಜೀರ್ಣವೆಂದು ಓಮದ ನೀರು ಕುಡಿಸಿದೆವು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತು. ಈಗ ಇನ್ನೊಂದನ್ನು ತರಲು ಮನೆಯವರು ಹೆದರುತ್ತಿದ್ದಾರೆ.

ಉತ್ತರ: ನೀವು ಬರೆದಿರುವ ಲಕ್ಷಣಗಳು ಜಠರ ಗಾಳಿ ತುಂಬಿ ಉಬ್ಬಿ ತನ್ನ ಸುತ್ತಲೇ ತಿರುಚಿಕೊಳ್ಳುವ ತೊಂದರೆಯವು. ತಿರುಚಿಕೊಂಡಾಗ ಗಾಳಿ ಮೇಲಕ್ಕೂ ಬರದು, ಕೆಳಕ್ಕೂ ಹೋಗದು. ಹೃದಯಕ್ಕೆ ಮರಳುವ ರಕ್ತ ತಡೆದು ನಾಯಿ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಎದೆಗೂಡು ಆಳವಾಗಿರುವ ದೊಡ್ಡ ತಳಿಗಳಲ್ಲಿ, ಅದರಲ್ಲೂ ಗ್ರೇಟ್ ಡೇನ್‌ನಲ್ಲಿ ಇದು ಹೆಚ್ಚು. ಮನೆಮದ್ದಿಗೆ ಬಗ್ಗುವ ಕಾಯಿಲೆ ಇದಲ್ಲ, ಗಾಳಿ ಹೊರತೆಗೆದು ತುರ್ತು ಶಸ್ತ್ರಚಿಕಿತ್ಸೆ ಮಾಡುವುದೊಂದೇ ಉಪಾಯ. ಕೊಪ್ಪದಿಂದ ಶಿವಮೊಗ್ಗಕ್ಕೆ ಎರಡು ಗಂಟೆಗೂ ಹೆಚ್ಚಿನ ದಾರಿಯಿರುವಾಗ, ನಡುರಾತ್ರಿಯಲ್ಲಿ, ಹೆಸರೇ ಕೇಳಿರದ ಕಾಯಿಲೆಯೊಂದನ್ನು ನೀವು ಗುರುತಿಸಲಿಲ್ಲವೆಂದು ಯಾರೂ ನಿಮ್ಮನ್ನು ದೂರಲಾರರು.

ಮುಂದೆ ತರುವ ನಾಯಿಗೆ ದಿನದ ಊಟವನ್ನು ಒಂದೇ ಹೊತ್ತಿಗೆ ಸುರಿಯದೆ ಎರಡು ಮೂರು ಪಾಲು ಮಾಡಿ ಕೊಡಿ. ಊಟಕ್ಕೆ ಮುಂಚೆ ಮತ್ತು ನಂತರ ಒಂದು ಗಂಟೆಯಾದರೂ ಓಟ, ಆಟ ಬೇಡ. ಗಬಗಬನೆ ತಿನ್ನುವುದಾದರೆ ಅಗಲವಾದ ತಟ್ಟೆಯಲ್ಲಿ ಹರಡಿ ಹಾಕಿ, ನಡುವೆ ಬಾಯಿಗೆ ಹೋಗದಷ್ಟು ದೊಡ್ಡ ನುಣುಪು ಕಲ್ಲೊಂದನ್ನು ಇಡಿ. ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ತಿರುಚದಂತೆ ಮಾಡುವ ಶಸ್ತ್ರಚಿಕಿತ್ಸೆಯಿದೆ. ಹೆಣ್ಣುನಾಯಿಯಾದರೆ ಸಂತಾನಹರಣದ ಜೊತೆಗೇ ಮಾಡಿಸಬಹುದು, ಊರು ಆಸ್ಪತ್ರೆಯಿಂದ ದೂರವಿರುವ ನಿಮ್ಮಂಥವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ. ಹಾಗೆಯೇ ರಾತ್ರಿಯಲ್ಲೂ ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರ ನಂಬರನ್ನು ನಾಯಿ ಮನೆಗೆ ಬರುವ ಮೊದಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹೆದರಿಕೆ ಸಹಜ, ಆದರೆ ಒಂದು ದೊಡ್ಡ ನಾಯಿಯ ಕೊನೆಯ ರಾತ್ರಿ ಪೂರ್ತಿ ಎಚ್ಚರವಾಗಿದ್ದ ಮನೆ ಇನ್ನೊಂದಕ್ಕೆ ಒಳ್ಳೆಯ ಮನೆಯೇ.

ಪ್ರಶ್ನೆ: ಹೊಸನಗರದಲ್ಲಿದ್ದೇವೆ. ದತ್ತು ತಂದ ಲ್ಯಾಬ್ರಡಾರ್ ಮೈತುಂಬ ಉಣುಗು ಹತ್ತಿಸಿಕೊಂಡು ಬರುತ್ತದೆ. ಇದರಿಂದ ಮಂಗನ ಕಾಯಿಲೆ ಬರುತ್ತದೆಯೆಂದು ನೆರೆಯವರು ನಾಯಿಯನ್ನು ವಾಪಸು ಕಳಿಸಲು ಹೇಳುತ್ತಿದ್ದಾರೆ.

ಉತ್ತರ: ನೆರೆಯವರ ಭಯವನ್ನು ತಳ್ಳಿಹಾಕಬೇಡಿ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮನುಷ್ಯರಿಗೆ ದಾಟಿಸುವುದು ಮುಖ್ಯವಾಗಿ ಕಾಡಿನ ಉಣುಗಿನ ಎಳೆಯ ಮರಿಗಳು. ಡಿಸೆಂಬರಿನಿಂದ ಮೇ ತನಕ ಅವುಗಳ ಕಾಟ ಜಾಸ್ತಿ. ನಾಯಿಯ ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ಉಣುಗು ಬೇರೆ ಜಾತಿಯದು, ಆದರೆ ಕಾಡು ಹೊಕ್ಕು ಬರುವ ನಾಯಿ ಕಾಡಿನ ಉಣುಗನ್ನೂ ಹೊತ್ತು ತರಬಲ್ಲದು. ಆದ್ದರಿಂದ ಆ ತಿಂಗಳುಗಳಲ್ಲಿ, ಅದರಲ್ಲೂ ಮಂಗ ಸತ್ತ ಸುದ್ದಿ ಇರುವ ಕಡೆ, ನಾಯಿಯನ್ನು ಕಾಡಿಗೆ ಬಿಡಲೇಬೇಡಿ. ನಾಯಿಯನ್ನು ಕಳಿಸಿಬಿಡುವುದಕ್ಕಿಂತ ಇದು ಸುಲಭ.

ಪಶುವೈದ್ಯರು ತೂಕ ನೋಡಿ ಕೊಡುವ ಉಣುಗುನಿವಾರಕ ಮಾತ್ರೆ ದೊಡ್ಡ ನಾಯಿಗಳಿಗೆ ಅನುಕೂಲ. ದನಕ್ಕೆಂದು ತಂದ ಔಷಧವನ್ನು ಅಂದಾಜಿನಲ್ಲಿ ಸುರಿಯುವ ಅಭ್ಯಾಸ ಅಪಾಯಕಾರಿ, ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹೆಚ್ಚು. ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಮನುಷ್ಯರ ಮೈಗೆ ಹಚ್ಚಲು ಕೊಡುವುದು, ನಾಯಿಗೆ ಹಚ್ಚಬೇಡಿ. ಕಂಡ ಉಣುಗನ್ನು ಚಿಮಟದಲ್ಲಿ ಚರ್ಮದ ಬುಡಕ್ಕೆ ಹಿಡಿದು ನೇರವಾಗಿ ಎಳೆದು ಸ್ಪಿರಿಟ್‌ನಲ್ಲಿ ಹಾಕಿ, ಉಗುರಿನಲ್ಲಿ ಒರೆಯಬೇಡಿ. ನಾಯಿ ಊಟ ಬಿಟ್ಟು ಮಂಕಾಗಿ, ವಸಡು ಬಿಳಿಚಿಕೊಂಡರೆ ಅಥವಾ ಮೂಗಿನಿಂದ ರಕ್ತ ಬಂದರೆ ಅದು ನಾಯಿಗೇ ತಗಲುವ ಉಣುಗುಜ್ವರವಿರಬಹುದು, ಅಂದೇ ರಕ್ತಪರೀಕ್ಷೆ ಮಾಡಿಸಿ. ಮನೆಯವರಲ್ಲಿ ಯಾರಿಗಾದರೂ ಜೋರು ಜ್ವರ, ಮೈಕೈನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗಿನ ವಿಷಯವನ್ನು ತಪ್ಪದೆ ಹೇಳಬೇಕು.

ಪ್ರಶ್ನೆ: ಭದ್ರಾವತಿಯಿಂದ ಬರೆಯುತ್ತಿದ್ದೇನೆ. ನಾವು ತಂದ ಮ್ಯಾಸ್ಟಿಫ್ ಎರಡು ವಾರ ಮೂಲೆ ಬಿಟ್ಟು ಏಳಲಿಲ್ಲ. ಈಗ ಎದ್ದು ಓಡಾಡುತ್ತಿದೆ, ಆದರೆ ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆ. ನನ್ನ ಗಂಡ ತಟ್ಟೆ ಕಿತ್ತುಕೊಂಡು ಬುದ್ಧಿ ಕಲಿಸಬೇಕು ಎನ್ನುತ್ತಾರೆ.

ಉತ್ತರ: ದಯವಿಟ್ಟು ಕಿತ್ತುಕೊಳ್ಳಬೇಡಿ. ಹಸಿವನ್ನೋ ಬೇರೆ ನಾಯಿಗಳ ಜೊತೆಗಿನ ಕಿತ್ತಾಟವನ್ನೋ ಕಂಡು ಬಂದ ನಾಯಿಗೆ ತಟ್ಟೆ ಕಳೆದುಕೊಳ್ಳುವ ಭಯವಿರುತ್ತದೆ. ಕಿತ್ತುಕೊಂಡರೆ ಆ ಭಯ ನಿಜವೆಂದು ಅದಕ್ಕೆ ಖಾತರಿಯಾಗುತ್ತದೆ. ಗುರುಗುಟ್ಟುವುದಕ್ಕೆ ಹೊಡೆದರೆ ಅದು ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ, ಮ್ಯಾಸ್ಟಿಫ್‌ನ ದವಡೆಯಲ್ಲಿ ಅದರ ಪರಿಣಾಮವೇನೆಂದು ನಾನು ಹೇಳಬೇಕಾಗಿಲ್ಲ.

ಹೀಗೆ ಮಾಡಿ. ಅದು ತಿನ್ನುವಾಗ ಗುರುಗುಟ್ಟದಷ್ಟು ದೂರದಲ್ಲಿ ನಿಂತು, ಬೇಯಿಸಿದ ಕೋಳಿಯ ಮೂಳೆಯಿಲ್ಲದ ಚೂರೊಂದನ್ನು ತಟ್ಟೆಯ ಕಡೆಗೆ ಎಸೆದು ಹಿಂದೆ ಸರಿಯಿರಿ. ಮೊದಲ ಕೆಲವು ದಿನ ಅದರ ಬೆನ್ನು ಸೆಟೆದು ಕಣ್ಣಿನ ಬಿಳಿ ಕಾಣುತ್ತಿರುತ್ತದೆ. ಬರಬರುತ್ತಾ ನಿಮ್ಮ ಹೆಜ್ಜೆಯ ಸಪ್ಪಳ ಕೇಳಿದೊಡನೆ ತಟ್ಟೆಯಿಂದ ತಲೆಯೆತ್ತಿ, ಬಾಲ ಸಡಿಲಿಸಿ, ಎಲ್ಲಿ ಚೂರು ಎಂದು ನಿಮ್ಮ ಕೈ ನೋಡತೊಡಗುತ್ತದೆ. ಆಗ ಒಂದೊಂದೇ ಹೆಜ್ಜೆ ಹತ್ತಿರವಾಗಬಹುದು. ಮಕ್ಕಳು ಮಾತ್ರ ಊಟದ ಹೊತ್ತಿನಲ್ಲಿ ಬಾಗಿಲ ಆಚೆಯೇ ಇರಲಿ. ರಕ್ಷಣಾ ಸಂಸ್ಥೆಗಳವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದೊಂದು ಲೆಕ್ಕ ಹೇಳುತ್ತಾರೆ: ಮೊದಲ ದಿನಗಳಲ್ಲಿ ಬೆದರಿಕೆ, ಕೆಲ ವಾರಗಳಲ್ಲಿ ನಿಜಸ್ವಭಾವ, ತಿಂಗಳುಗಳಲ್ಲಿ ನಂಬಿಕೆ. ನಿಮ್ಮ ನಾಯಿ ಎರಡನೆಯ ಹಂತದಲ್ಲಿದೆ. ಮೂರು ತಿಂಗಳಾದರೂ ಗುರುಗುಟ್ಟುವುದು ತಗ್ಗದಿದ್ದರೆ, ಅಥವಾ ಅಷ್ಟರೊಳಗೆ ಹಲ್ಲು ಊರಿದರೆ, ನಾಯಿಗಳ ವರ್ತನೆ ಬಲ್ಲ ತರಬೇತುದಾರರ ನೆರವು ಪಡೆಯಿರಿ. ಕಚ್ಚಿದ ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ನಾಯಿಗೆ ಲಸಿಕೆಯಾಗಿದ್ದರೂ ಸರಿ, ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ಶಿವಮೊಗ್ಗ ನಗರದ ಬಾಡಿಗೆ ಮನೆಯಲ್ಲಿದ್ದೇವೆ. ಬಿಟ್ಟುಹೋದ ರಾಟ್‌ವೀಲರ್ ಒಂದನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದೇವೆ. ಸರ್ಕಾರ ಈ ತಳಿಯನ್ನು ನಿಷೇಧಿಸಿದೆ ಎಂದು ಮಾಲೀಕರು ಹೇಳುತ್ತಾರೆ.

ಉತ್ತರ: ಅವರು ಹೇಳುತ್ತಿರುವುದು 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಸುತ್ತೋಲೆಯ ವಿಷಯ. ರಾಟ್‌ವೀಲರ್ ಸೇರಿದಂತೆ 23 ಬಗೆಯ ನಾಯಿಗಳ ಹೆಸರು ಅದರಲ್ಲಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅದನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಆ ಸುತ್ತೋಲೆಯನ್ನು ತೋರಿಸಿ ಯಾರೂ ನಿಮ್ಮನ್ನು ತಡೆಯುವಂತಿಲ್ಲ. ಆದರೆ ನಾಯಿಯಿಂದ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಸಾಕಿದವರ ಮೇಲೆಯೇ ಪ್ರಕರಣವಾಗುತ್ತದೆ; ಹೊರಗೆ ಗಟ್ಟಿ ಹಗ್ಗವಿರಲಿ, ಅದರ ಸ್ವಭಾವ ಪೂರ್ತಿ ತಿಳಿಯುವವರೆಗೆ ಉಸಿರಾಡಲು, ನೀರು ಕುಡಿಯಲು ಅಡ್ಡಿಯಾಗದ ಬುಟ್ಟಿಯಂಥ ಬಾಯಿಕುಕ್ಕೆಯೂ ಇರಲಿ. ಮಾಲೀಕರಿಗೆ ಲಸಿಕೆಯ ಪುಸ್ತಕ ತೋರಿಸಿ, ಶಾಶ್ವತ ಮನೆ ಹುಡುಕಲು ಎಷ್ಟು ದಿನ ಬೇಕೆಂದು ಹೇಳಿ, ಅಷ್ಟು ದಿನದ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅವರು ಒಪ್ಪಲೇ ಇಲ್ಲವಾದರೆ ನಾಯಿಯನ್ನು ನಿಮಗೆ ಒಪ್ಪಿಸಿದವರಿಗೆ ಇಂದೇ ತಿಳಿಸಿ, ಏಕೆಂದರೆ ರಾಟ್‌ವೀಲರ್ ಇಟ್ಟುಕೊಳ್ಳಬಲ್ಲ ಇನ್ನೊಂದು ತಾತ್ಕಾಲಿಕ ಮನೆ ಒಂದೆರಡು ದಿನದಲ್ಲಿ ಸಿಗುವುದಿಲ್ಲ.